ಸ್ಕೀ ಬೂಟು ಮತ್ತು ಬಗ್ಗಿದ ಮಂಡಿ

ಚಿಂತೆ ಮಾಡುವವರಿಗೆ ಈ ಲೋಕದಲ್ಲಿ ಮರ್ಯಾದೆ ಕಡಿಮೆ. ಧೈರ್ಯವಂತರ ಉಬ್ಬಿದ ಎದೆ ಎಲ್ಲರ ಕಣ್ಣಿಗೂ ಬೀಳುತ್ತದೆ. ನನ್ನಂಥವರ ಮಂಡಿ ಸದಾ ಒಂಚೂರು ಬಗ್ಗಿರುವುದನ್ನು ಯಾರೂ ಮೆಚ್ಚಿದ್ದಿಲ್ಲ. ಮ್ಯಾನೇಜರ್ ಕರೆದರೆ ಬಗ್ಗುತ್ತದೆ, ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸಲು ಬೇಕಾದ ಪಿಆರ್ ಬರುವವರೆಗೂ ಪೋಸ್ಟ್‌ಮ್ಯಾನ್ ಕಂಡರೆ ಬಗ್ಗುತ್ತಿತ್ತು, ಬಂದ ಮೇಲೂ ಅಭ್ಯಾಸಬಲದಿಂದ ಬಗ್ಗುತ್ತದೆ.

ಆ ಚಳಿಗಾಲದ ರಜೆಯಲ್ಲಿ ಸಿಡ್ನಿಯಿಂದ ಹಿಮದ ಬೆಟ್ಟಕ್ಕೆ ಹೋಗುವುದೆಂದು ತೀರ್ಮಾನವಾದಾಗ ಮಗಳು ಅದಿತಿ, "ಅಪ್ಪ ಕ್ಯಾನ್ ಮೈಂಡ್ ದ ಬ್ಯಾಗ್ಸ್" ಎಂದುಬಿಟ್ಟಳು. ತಪ್ಪೇನಿಲ್ಲ. ಬೀಚಿನಲ್ಲಿ, ಪಾರ್ಕಿನಲ್ಲಿ, ಈಜುಕೊಳದಲ್ಲಿ ಬ್ಯಾಗು ಕಾದವನು ನಾನೇ. ಆದರೆ ಈ ಸಲ ಎದೆಗೆ ಚುಚ್ಚಿತು. ಅವಳ ಜೊತೆ ಒಂದು ಸಲವಾದರೂ ಸ್ಕೀ ಕಟ್ಟಿಕೊಂಡು ಇಳಿಜಾರು ಇಳಿಯಲೇಬೇಕು, ಇಲ್ಲದಿದ್ದರೆ ಬೆಳೆದ ಮೇಲೆ ಅವಳ ನೆನಪಿನಲ್ಲಿ ನಾನು ಬ್ಯಾಗುಗಳ ಪಕ್ಕದಲ್ಲಿ ನಿಂತ ಒಂದು ಸ್ವೆಟರ್ ಆಗಿಯೇ ಉಳಿಯುತ್ತೇನೆ ಅನ್ನಿಸಿತು.

ಊರು ಬಿಡುತ್ತಿದ್ದ ಡಾಕ್ಟರೊಬ್ಬರಿಂದ ಹಳೇ ಸ್ಕೀ ಬೂಟು ತಂದೆ. ಬೂಟು ಅನ್ನುವುದಕ್ಕಿಂತ ಕಾಲಿಗೆ ಹಾಕುವ ತಿಜೋರಿ ಅನ್ನಬಹುದು; ಬಕಲ್ ಬಿಗಿದರೆ ಪಾದ ಒಳಗೆ, ಪ್ರಾಣ ಹೊರಗೆ. ಮನೆಯಲ್ಲಿ ನಡೆದು ಅಭ್ಯಾಸ ಮಾಡೋಣವೆಂದರೆ ಉಡುಪಿಯವಳಾದ ನನ್ನ ಹೆಂಡತಿ ವನಜ ಬಾಗಿಲಿಗೇ ಅಡ್ಡ ನಿಂತಳು. "ಚಪ್ಪಲಿ ಒಳಗೆ ಬರಬಾರದು."

"ಇದು ಚಪ್ಪಲಿ ಅಲ್ಲ ಮಾರಾಯ್ತಿ, ಇಕ್ವಿಪ್‌ಮೆಂಟು!"

"ಕಾಲಿಗೆ ಹಾಕುವುದಲ್ವಾ? ಹೊರಗೆ."

ಹೀಗಾಗಿ ನನ್ನ ತರಬೇತಿಯೆಲ್ಲ ವೆಸ್ಟ್‌ಮೀಡಿನ ನಮ್ಮ ಫ್ಲ್ಯಾಟಿನ ಮೆಟ್ಟಿಲುಗಳ ಮೇಲೆ ನಡೆಯಿತು. ಕಂಬಿ ಹಿಡಿದು, ಮಂಡಿ ಬಗ್ಗಿಸಿ, ಕಟಕಟ ಸದ್ದು ಮಾಡುತ್ತ ಕಸದ ಡಬ್ಬಿಯವರೆಗೆ ಇಳಿಯುವುದು, ಹತ್ತುವುದು. ಕೆಳಗಿನ ಮನೆಯ ಅಜ್ಜ ಬಾಗಿಲು ತೆರೆದು, "ಯು ರೈಟ್, ಮೇಟ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಚ್ಚಿಕೊಂಡ.

ಬೆಟ್ಟದಲ್ಲಿ ಬಾಡಿಗೆಗೆ ಸ್ಕೀ ಕೊಡುವ ಹುಡುಗಿ ಬೈಂಡಿಂಗ್ ಸರಿಮಾಡಬೇಕಿತ್ತು. ಬೂಟನ್ನು ಹಲಗೆಗೆ ಕಚ್ಚಿ ಹಿಡಿದು, ಬಿದ್ದಾಗ ಬಿಟ್ಟುಕೊಡುವ ಕೊಂಡಿ ಅದು. ತೂಕ ಕೇಳಿದಳು, ಆಮೇಲೆ ನಾನು ಎಂಥಾ ಸ್ಕೀಯರ್ ಎಂದು ಕೇಳಿದಳು. "ಕಾಷಸ್" ಎಂದೆ. "ಸೂಪರ್ ಕಾಷಸ್" ಎಂದು ಅದಿತಿ ತಿದ್ದಿದಳು. ಹುಡುಗಿ ಸ್ಕ್ರೂ ಇನ್ನಷ್ಟು ಸಡಿಲಿಸಿದಳು.

ಪಾಠ ಶುರುವಾಯಿತು. ನೆಟ್ಟಗೆ ನಿಂತ ಧೀರರೆಲ್ಲ ಒಬ್ಬೊಬ್ಬರಾಗಿ ಹಿಂದಕ್ಕೆ ಜಾರಿ ಹಿಮದಲ್ಲಿ ಕೂತರು. ನಾನು ಮಾತ್ರ ಭಯದಿಂದ ಮಂಡಿ ಬಗ್ಗಿಸಿ, ಕಣಕಾಲನ್ನು ಬೂಟಿಗೊತ್ತಿ, ಕ್ಷಮೆ ಕೇಳುವವನಂತೆ ಕೈ ಮುಂದೆ ಚಾಚಿ ನಿಂತಿದ್ದೆ. ಮೇಷ್ಟ್ರು ನನ್ನ ಕಡೆ ಕೋಲು ತೋರಿಸಿ ಕೂಗಿದರು: "ಎಲ್ಲರೂ ಇವರನ್ನು ನೋಡಿ! ಪರ್ಫೆಕ್ಟ್!" ಅರ್ಧ ಆಯುಷ್ಯ ಕಳೆದ ಮೇಲೆ ನನ್ನ ನಿಲುವಿಗೆ ಯೋಗ್ಯವಾದ ಒಂದು ಜಾಗ ಭೂಮಿಯ ಮೇಲೆ ಸಿಕ್ಕಿತ್ತು.

ಇಳಿದೆ. ನಿಜವಾಗಿ ಇಳಿದೆ! ಗಾಳಿ ಕಿವಿಯಲ್ಲಿ ಗುಯ್ ಎಂದಿತು. ಅರ್ಧ ದಾರಿಯಲ್ಲಿ ಹಿಮದಲ್ಲಿ ಕೂತಿದ್ದ ಅದಿತಿ, "ಅಪ್ಪಾ, ವೇಟ್!" ಎಂದು ಕಿರುಚಿದಳು. ತನಗಾಗಿ ಕಾಯಲು ಅವಳು ನನಗೆ ಹೇಳಿದ್ದು ಅದೇ ಮೊದಲು. ಕಾಯಲಿಲ್ಲ, ನಿಲ್ಲುವುದು ಹೇಗೆಂದು ಇನ್ನೂ ಗೊತ್ತಿರಲಿಲ್ಲ.

ಎರಡನೇ ಸಲ ಗೆದ್ದವನ ಗತ್ತಿನಿಂದ ನೆಟ್ಟಗೆ ನಿಂತೆ. ಟಕ್ ಎಂದು ಬೈಂಡಿಂಗ್ ಬಿಟ್ಟಿತು. ನಾನೊಂದು ಕಡೆ, ಸ್ಕೀ ಒಂದು ಕಡೆ. ಎದ್ದು ಮತ್ತೆ ಮೇಲೆ ಹೋಗಿ ನಿಂತಾಗ ಹಠಾತ್ತನೆ ಹೊಳೆಯಿತು: ಮನೆಯ ಹೀಟರ್ ಆಫ್ ಮಾಡಿದ್ದೇನೆಯೇ? ಮಂಡಿ ತಾನಾಗಿ ಬಗ್ಗಿತು. ಈ ಸಲ ಅದಿತಿಯೂ ನಾನೂ ಜೋಡಿಯಾಗಿ, ಎಷ್ಟು ಚಂದವಾಗಿ ಕೆಳಗಿನವರೆಗೂ ಇಳಿದೆವೆಂದರೆ, ಯಾರೋ ಚಪ್ಪಾಳೆ ತಟ್ಟಿದರು. "ಅಪ್ಪ, ಎಗೇನ್!" ಎಂದು ಮಗಳು ನನ್ನ ಕೋಟು ಎಳೆದಳು.

ಬೆಟ್ಟ ಹತ್ತಿಸುವ ಲಿಫ್ಟಿನ ಸಾಲಿನಲ್ಲಿ ನಿಂತು, ಪಕ್ಕದಲ್ಲಿ ಬ್ಯಾಗು ಹಿಡಿದು ನಿಂತಿದ್ದ ವನಜಳ ಹತ್ತಿರ ಹೀಟರ್ ವಿಷಯ ಹೇಳಿಕೊಂಡೆ. "ಅದಾ? ನಾನೇ ಆಫ್ ಮಾಡಿ ಬಂದಿದ್ದೇನೆ. ನೀವು ಆರಾಮಾಗಿ ಹೋಗಿ ಬನ್ನಿ" ಎಂದಳು.

"ಥೂ, ಈಗಲೇ ಹೇಳಬೇಕಿತ್ತಾ?" ಎಂದು ರೇಗಿ, ಲಿಫ್ಟು ಬರುವುದರೊಳಗೆ ಇನ್ನೊಂದು ಚಿಂತೆ ಹುಡುಕತೊಡಗಿದೆ.