ಕಾಳಿ ನದಿಗೆ ಹೋದ ಚಾವಿ

ಬೀಗ ಕಳೆದುಕೊಂಡು ಪರದಾಡಿದವರನ್ನು ನಾನು ಈವರೆಗೆ ಕಂಡಿಲ್ಲ. ಎಲ್ಲರ ಮನೆಯಲ್ಲೂ ಕಳೆಯುವುದು ಚಾವಿಯೇ. ಬೀಗ ಮಾತ್ರ ಇದ್ದಲ್ಲೇ ಇದ್ದು ನಮ್ಮನ್ನು ಅಣಕಿಸುತ್ತದೆ. ಕೋಡಿಬಾಗದ ನಮ್ಮ ಅಂಗಳದಲ್ಲಿ ಹಾಗೆ ನಿಂತದ್ದು ಅಪ್ಪನ ಹಳೇ ಸ್ಕೂಟರು. ಊರೆಲ್ಲ ಬೈಕಿಗೆ ಬದಲಾದರೂ ಅಪ್ಪ ಬದಲಾಗಿರಲಿಲ್ಲ. ಒಂದು ದಿನ ಮೀನುಪೇಟೆಯಿಂದ ಬಂದು, ಹ್ಯಾಂಡಲ್ ಎಡಕ್ಕೆ ತಿರುಗಿಸಿ ಲಾಕ್ ಮಾಡಿ ಒಳಗೆ ಹೋಗಿ ಮಲಗಿದವನು ಮತ್ತೆ ಏಳಲಿಲ್ಲ.

ನಮ್ಮಲ್ಲಿ ತೀರಿಕೊಂಡವರ ಕಡೆಯ ಬಟ್ಟೆಯನ್ನು ನೀರಿಗೆ ಬಿಡುತ್ತೇವೆ. ಕಿಸೆ ನೋಡಿದೆಯಾ ಎಂದು ಅಮ್ಮ, ಅಂದರೆ ನಮ್ಮ ಆಯಿ, ಕೇಳಿದಳು. ನೋಡಿದೆ ಎಂದೆ. ಮೇಲಿನ ಕಿಸೆಯಿಂದ ಕನ್ನಡಕ, ಅಡಿಕೆ ಚೂರು ತೆಗೆದೂ ಇಟ್ಟಿದ್ದೆ. ಆದರೆ ಮೀನು ವ್ಯಾಪಾರದವರ ಅಂಗಿಗೆ ಒಳಗಡೆ ಒಂದು ಕಳ್ಳಕಿಸೆ ಇರುತ್ತದೆಂಬುದು, ಆ ವ್ಯಾಪಾರದಲ್ಲೇ ಉಂಡು ಬೆಳೆದ ನನಗೆ ಹೊಳೆಯಲಿಲ್ಲ. ಕಾಳಿ ನದಿ ಅಂಗಿಯನ್ನು ಚಾವಿಸಮೇತ ಸ್ವೀಕರಿಸಿತು.

ಸಮುದ್ರ ಯಾರದನ್ನೂ ಇಟ್ಟುಕೊಳ್ಳುವುದಿಲ್ಲ, ಉಬ್ಬರದಲ್ಲಿ ದಡಕ್ಕೆ ತಂದು ಹಾಕುತ್ತದೆ ಎಂದು ಕಾಕಾ ಧೈರ್ಯ ಹೇಳಿದ. ಕಾಕಾ ದೋಣಿಯವನು, ನೀರಿನ ವಿಷಯದಲ್ಲಿ ಅವನ ಮಾತಿಗೆ ಎದುರಿಲ್ಲ. ನದಿ ಸಮುದ್ರ ಸೇರುವ ಅಳಿವೆಯ ಉಸುಕಿನಲ್ಲಿ ತಲೆ ಬಗ್ಗಿಸಿ ಅಲೆದೆ. ಒಂಟಿ ಚಪ್ಪಲಿಗಳು ಧಾರಾಳವಾಗಿ ಸಿಕ್ಕವು. ಅಪ್ಪನ ನೆನಪಿನಲ್ಲಿ ಪಾಪ ಹೇಗಾಗಿ ಹೋಗಿದ್ದಾನೆ ಎಂದು ಎದುರಾದವರು ಮರುಗಿದರು. ನಾನು ತಿದ್ದಲಿಲ್ಲ. ನೆನಪೂ ಇತ್ತಲ್ಲ.

ಸ್ಕೂಟರನ್ನು ಗುಜರಿಗೆ ಹಾಕಬಹುದಿತ್ತು, ಆಯಿ ಬಿಡಬೇಕಲ್ಲ. ಸೂತಕ ಕಳೆದ ಮೇಲೆ ಪದ್ಧತಿಯಂತೆ ಅವಳು ಅಂಕೋಲೆಯ ತವರಿಗೆ ಒಮ್ಮೆ ಹೋಗಿಬರಬೇಕು. ಮಾವ ಬಂದು ಕರೆದರೂ ಹೊಸ್ತಿಲು ದಾಟಲಿಲ್ಲ, ಊಟವೂ ಅಷ್ಟಕ್ಕಷ್ಟೇ. ನನಗೆ ಹೆದರಿಕೆಯಾಗತೊಡಗಿತು.

"ನಾ ಬಸ್ಸಿಗೆ ಹೋಗೂದಿಲ್ಲ. ತವರಿಗೆ ಯಾವಾಗ್ಲೂ ಅವ್ರ ಗಾಡಿ ಮೇಲೇ ಹೋದವಳು ನಾನು," ಎಂದಳು.

ಪೇಟೆಯ ಬಸ್‌ಸ್ಟ್ಯಾಂಡಿನ ಹತ್ತಿರ ಕೊಡೆ ರಿಪೇರಿಯ ಜೊತೆ ಚಾವಿಯನ್ನೂ ಮಾಡುವವನೊಬ್ಬನನ್ನು ಕರೆತಂದೆ. ಅವನು ಲಾಕ್ ಒಡೆದು ಹೊಸದು ಹಾಕುವ ಎಂದ. ಅದು ಅವರು ಹಾಕಿದ ಲಾಕು, ಒಡೆಯಬೇಡ ಎಂದಳು ಆಯಿ. ಅವನು ಗೊಣಗುತ್ತ ಹೊಸ ಚಾವಿಯೊಂದನ್ನು ತೂರಿಸಿ, ತಿರುಗಿಸಿ, ಗುರುತು ನೋಡಿ ಅರದಿಂದ ಉಜ್ಜುತ್ತ ಕೂತ. ಮಧ್ಯಾಹ್ನದ ಹೊತ್ತಿಗೆ ಟಿಕ್ ಎಂದಿತು. ಅಪ್ಪ ತಿರುಗಿಸಿಟ್ಟಿದ್ದ ಹ್ಯಾಂಡಲ್ ನೆಟ್ಟಗಾಯಿತು. ಆಯಿ ಅತ್ತಳು. ನಾನೂ ಅತ್ತೆ. ಚಾವಿಯವನು ಪಾಪ, ತನ್ನ ಕೆಲಸದಲ್ಲಿ ಏನೋ ಕೆಟ್ಟಿತೆಂದು ಗಾಬರಿಯಾದ.

ಆಯಿ ಒಳಗೆ ಹೋಗಿ ಸೀರೆ ಬದಲಿಸಿ, ಒಣ ಬಂಗಡೆಯ ಪೊಟ್ಟಣ ಹಿಡಿದು ಬಂದು ಹಿಂದಿನ ಸೀಟಿನಲ್ಲಿ ಕೂತಳು. ನಡಿ ಎಂದಳು.

ನಾನು ಹ್ಯಾಂಡಲ್ ಹಿಡಿದು ನಿಂತೇ ಇದ್ದೆ. ಅಪ್ಪ ತನ್ನ ಚಾವಿಯನ್ನು ಯಾರ ಕೈಗೂ ಕೊಟ್ಟವನಲ್ಲ. ನನಗೆ ಸ್ಕೂಟರ್ ಹೊಡೆಯಲು ಬರುವುದಿಲ್ಲ. ಚಾವಿಯ ಗಡಿಬಿಡಿಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ, ನನಗೂ ನೆನಪಾಗಿರಲಿಲ್ಲ.

ಆಯಿಗೆ ಅರ್ಥವಾಯಿತು. ಆದರೆ ಇಳಿಯಲಿಲ್ಲ.

"ದೂಡು. ಬಸ್‌ಸ್ಟಾಪಿನ ತನಕ ದೂಡಿದ್ರೆ ಸಾಕು."

ದೂಡಿದೆ. ಅಲ್ಲಿಂದ ಬಸ್ಸು ಹತ್ತಿದಳು. ಅಂಕೋಲೆಯಲ್ಲಿ ಮಾವನಿಗೆ, ಅವರ ಗಾಡಿ ಮೇಲೇ ಹೊರಟು ಬಂದೆ ಎಂದಳಂತೆ. ಅಂದು ರಾತ್ರಿ ಹೊಟ್ಟೆ ತುಂಬ ಉಂಡಳಂತೆ.

ಆ ಹೊಸ ಚಾವಿ ಈಗ ನನ್ನ ಅಂಗಿಯ ಕಳ್ಳಕಿಸೆಯಲ್ಲಿದೆ. ದರ್ಜಿಗೆ ಹೇಳಿ ಹೊಲಿಸಿಕೊಂಡಿದ್ದೇನೆ. ಕಿಸೆ ಎಲ್ಲಿದೆಯೆಂದು ಹೆಂಡತಿಗೆ ಈಗಲೇ ತೋರಿಸಿಟ್ಟಿದ್ದೇನೆ. ಸ್ಕೂಟರ್ ಹೊಡೆಯಲು ಮಾತ್ರ ಇನ್ನೂ ಬಂದಿಲ್ಲ.