ಅಮೆರಿಕದ ಅಜ್ಜಿಗೆ ಚೆಂಡುಹೂವಿನ ಹಾರ

ನಾನು ಹೋದ ಕಡೆಯೆಲ್ಲ ಏನಾದರೂ ಒಂದು ಆಗೇ ಆಗುತ್ತೆ. ಸುಮ್ಮನೆ ಕೂತರೂ ಬಿಡಲ್ಲ, ಹುಡುಕಿಕೊಂಡು ಬರುತ್ತೆ. ಗುಂಡ್ಲುಪೇಟೆ ಮಂಡಿಯಲ್ಲಿ ಮೂಟೆ ಹೊರುವಾಗಲೂ ಹಾಗೇ, ಈಗ ಚಾಮರಾಜನಗರದ ಚಿತ್ರದ ಮ್ಯೂಸಿಯಂ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕಾವಲು ಕೂತಾಗಲೂ ಹಾಗೇ. ನಾನು ಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ. ಅಕ್ಷರ ಕಲಿತದ್ದು ಲಾರಿಗಳ ಹಿಂಭಾಗ ನೋಡಿ. ಆದರೆ ನನ್ನಷ್ಟು ಈರುಳ್ಳಿ ಹೊತ್ತವನು ಈ ಜಿಲ್ಲೆಯಲ್ಲೇ ಇಲ್ಲ. ಒಂದು ಸಲ ಕೆಟ್ಟು ನಿಂತ ಲಾರಿಯನ್ನು ಲೋಡಿನ ಸಮೇತ ಒಬ್ಬನೇ ಮಂಡಿಯೊಳಕ್ಕೆ ತಳ್ಳಿದ್ದೆ. ಡ್ರೈವರಿಗೆ ಎಚ್ಚರವೇ ಆಗಲಿಲ್ಲ. ಅಷ್ಟು ವರ್ಷ ಆ ಈರುಳ್ಳಿ ಘಾಟಿನಲ್ಲಿ ಬದುಕಿದರೂ ನನ್ನ ಕಣ್ಣಿಂದ ಒಂದು ಹನಿ ಉದುರಿಲ್ಲ. ಮಂಡಿಗೆ ಮಂಡಿಯೇ ಸಾಕ್ಷಿ.

ಇಂಥ ನನ್ನ ಕೈಲಿ ಆಗದೇ ಉಳಿದದ್ದು ಒಂದೇ. ಹೆಂಡತಿಯದೊಂದು ದೊಡ್ಡ ಫೋಟೋ ತೆಗೆಸಿ ಮನೆಯಲ್ಲಿ ಹಾಕಬೇಕು ಅಂತ ಮದುವೆಯಾದಾಗಿಂದ ಆಸೆ. ಆಧಾರ್ ಕಾರ್ಡಿನಲ್ಲಿ ಒಂದಿದೆ. ಅದನ್ನು ನೋಡಿದರೆ ಅವಳ ತಂಗಿಗೂ ಗುರುತು ಸಿಗಲ್ಲ. ದೊಡ್ಡದು ತೆಗೆಸೋಣ ಅಂದರೆ ಚಂದಕವಾಡಿಯ ನಮ್ಮ ಮನೆಯ ಗೋಡೆ ತೋರಿಸ್ತಾಳೆ. ಅಲ್ಲಿ ನಮ್ಮಪ್ಪ, ನಮ್ಮವ್ವ, ಅವಳ ಅಪ್ಪ, ಎಲ್ಲರೂ ಹಾರ ಹಾಕಿಸಿಕೊಂಡು ಸಾಲಾಗಿ ಇದ್ದಾರೆ.

“ಗ್ವಾಡೆ ಮ್ಯಾಲಿರೋರಲ್ಲಿ ಒಬ್ರಾದ್ರೂ ಕೆಳಗವ್ರಾ, ತೋರ್ಸು. ಆಮ್ಯಾಲೆ ನನ್ನ ಏರ್ಸುವಂತೆ,” ಅಂತಾಳೆ.

ಇದಕ್ಕೆ ಉತ್ತರ ಅಮೆರಿಕದಿಂದ ಬಂತು.

ಏಳನೇ ಮಾಲು

ಅಮೆರಿಕದ ಚಿತ್ರಗಳ ಪ್ರದರ್ಶನ ನಮ್ಮ ಮ್ಯೂಸಿಯಮ್ಮಿಗೆ ಬಂತು. ಅರ್ಧ ಫೋಟೋಗಳು, ಅರ್ಧ ಅಚ್ಚಿನ ಚಿತ್ರಗಳು. ಮ್ಯೂಸಿಯಂ ನೋಡಿಕೊಳ್ಳುವ ಮೇಡಂ ಹೇಳಿದರು: ಮರದ ಹಲಗೆ ಕೊರೆದು, ಮಸಿ ಬಳಿದು, ಕಾಗದಕ್ಕೆ ಒತ್ತಿದ್ದಂತೆ. ಒಂದರ ಕೆಳಗೆ ಪೆನ್ಸಿಲಿನಲ್ಲಿ ನಂಬರಿತ್ತು. ಐವತ್ತು ಒತ್ತಿದ್ದರಲ್ಲಿ ಇದು ಏಳನೆಯದು ಅಂತ ಅರ್ಥ.

ಗುಂಡ್ಲುಪೇಟೆಯ ನನ್ನ ಹಳೇ ಧಣಿ, ಈರುಳ್ಳಿ ವ್ಯಾಪಾರಿ, ನೋಡೋಕೆ ಬಂದರು. ಆ ನಂಬರಿನ ಮುಂದೆ ನಿಂತವರು ಅಲ್ಲಾಡಲಿಲ್ಲ.

“ಮೊದಲ ಆರು ಯಾವ ಮಂಡಿಗೆ ಓದ್ವು?” ಅಂದರು.

“ಬೇರೆ ಬೇರೆ ಊರಲ್ಲಿರಬಹುದು ಸಾರ್. ಎಲ್ಲಾ ಒಂದೇ ಥರ,” ಅಂದರು ಮೇಡಂ.

“ಒಂದೇ ಥರ ಅಂತ ಮಾರೋನು ಏಳ್ತಾನೆ ಕಣಮ್ಮ. ಮೇಲಿನ ಮಾಲು ಕೇರಳಕ್ಕೆ ಓಗಿರ್ತದೆ. ಉಳಿದಿದ್ದು ನಮ್ಗೆ.”

ಮೇಡಂ ತಲೆ ಹಿಡಿದುಕೊಂಡರು. ಧಣಿ ಕನ್ನಡಕ ಏರಿಸಿ, ಚಿತ್ರದ ಮೂಲೆಗೆ ಮೂಗು ತಾಗಿಸಿ ಮೂಸಿ, ನನ್ನ ಬೆನ್ನು ತಟ್ಟಿದರು.

“ಪರ್ವಾಗಿಲ್ಲ ಕಣ್ಲಾ, ಕೊಳೆತಿಲ್ಲ.”

ಬೆಟ್ಟದ ಹಿಂದೆ

ಒಂದು ಗೋಡೆ ಪೂರ್ತಿ ಒಂದೇ ಫೋಟೋ. ಅಮೆರಿಕದ ಬೆಟ್ಟ, ಕೆಳಗೆ ಕಾಡು, ನಡುವೆ ಹೊಳೆ. ಪುಣಜನೂರಿನಿಂದ ಬಂದಿದ್ದ ಒಬ್ಬ ರೈತ ಅದರ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ.

“ಆನೆ ಎಲ್ಲಿಂದ ಇಳೀತಾವೆ?” ಅಂದ.

ಆ ದೇಶದಲ್ಲಿ ಕಾಡಾನೆ ಇಲ್ಲ ಅಂತ ಮೇಡಂ ನನಗೆ ಹೇಳಿಕೊಟ್ಟಿದ್ದರು. ಆದರೆ ಅವನ ಮುಖ ನೋಡಿದರೆ, ಆನೆ ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ.

“ಬೆಟ್ಟದ ಹಿಂದುಗಡೆ ಅವೆ,” ಅಂದೆ. “ಫೋಟೋ ತೆಗೆಯೋನು ಕೈಮುಗಿದು ಕೇಳ್ಕೊಂಡ, ಒಂದ್ಗಳಿಗೆ ಪಕ್ಕಕ್ಕೆ ಓಗ್ರಪ್ಪ ಅಂತ. ಸಲಗ ಒಂದೇ ಒಪ್ಲಿಲ್ಲ. ಅದಕ್ಕೆ ಎರಡು ಗೊನೆ ಬಾಳೆಹಣ್ಣು ಕೊಡ್ಬೇಕಾಯ್ತು.”

ಅವನು ಅದನ್ನು ಒಪ್ಪಿಕೊಂಡ. ಆದರೆ ಬಾಗಿಲವರೆಗೆ ಹೋದವನು ವಾಪಸ್ ಬಂದು ನನ್ನ ಕಿವಿಯಲ್ಲಿ ಹೇಳಿದ.

“ಅಂಗಾದ್ರೆ ರಾತ್ರಿ ಲೈಟು ಆರಿಸ್ಬ್ಯಾಡ ಕಣಣ್ಣ. ಕತ್ತಲಾದ್ರೆ ಇಳ್ದು ಬಂದ್ಬುಟ್ಟಾವು.”

ಹಾರ

ಇನ್ನೊಂದು ಗೋಡೆಯ ಮೇಲೆ ಒಂದೇ ಒಂದು ಫೋಟೋ ಇತ್ತು. ಬಿಳೀ ತಲೆಯ ಅಮೆರಿಕದ ಅಜ್ಜಿ, ಜಗಲಿ ಮೇಲೆ ಕೂತು ಮಡಿಲಲ್ಲಿ ಜೋಳದ ತೆನೆ ಸುಲೀತಾ ಇದ್ದಾಳೆ. ನಮ್ಮ ಕಡೆ ವಯಸ್ಸಾದವರ ಮುಖ ಹೀಗೆ ಕಟ್ಟು ಹಾಕಿಸಿಕೊಂಡು ಒಂಟಿಯಾಗಿ ಗೋಡೆ ಮೇಲಿದ್ದರೆ ಕೇಳೋದೇನು ಬಂತು. ಬಾಗಿಲಾಚೆ ಹೂ ಮಾರುವವಳು ಒಳಗೆ ಬಂದು ನೋಡಿ, ಚಪ್ಪಲಿ ಬಿಟ್ಟಳು.

“ಯಾವಾಗ ಓದ್ರು, ಪಾಪ?” ಅಂದಳು.

“ಮೊನ್ನೆ ಮೊನ್ನೆ. ನಂಗೆ ಭಾರಿ ಬೇಕಾದೋರು,” ಅಂದೆ.

ಅವಳು ಒಂದು ಚೆಂಡುಹೂವಿನ ಹಾರ ಹಾಕಿದಳು. ಮಾರನೇ ದಿನ ಗಾಜಿನ ಮೇಲೆ ಕುಂಕುಮ. ಆಮೇಲೆ ಊದುಬತ್ತಿ. ಬಂದವರೆಲ್ಲ ಕೈಮುಗಿದು ಮುಂದೆ ಹೋಗೋಕೆ ಶುರು ಮಾಡಿದರು.

ಊರಿಗೆ ಹೋಗಿದ್ದ ಮೇಡಂ ವಾಪಸ್ ಬಂದು ನೋಡಿ ಗೋಡೆಗೆ ಒರಗಿಬಿಟ್ಟರು. “ಅಜ್ಜಿ ಬದುಕಿದ್ದಾರೆ,” ಅಂದರು.

“ಸದ್ಯ,” ಅಂದೆ ನಾನು.

ಮೇಡಂ ಆ ಹಾರದ ಚಿತ್ರವನ್ನೇ ಮೊಬೈಲಿನಲ್ಲಿ ತೆಗೆದು, ತಪ್ಪಾಯ್ತು ಅಂತ ಅಜ್ಜಿಯ ಫೋಟೋ ತೆಗೆದ ಅಮೆರಿಕದವರಿಗೆ ಕಳಿಸಿದರು. ಅವರು ಅಜ್ಜಿಯ ಮನೆಯಿಂದಲೇ ವಿಡಿಯೋ ಕಾಲ್ ಮಾಡ್ತೀವಿ ಅಂದರಂತೆ. ಇದನ್ನು ಬಿಟ್ಟರೆ ಇನ್ನೊಂದು ಸಂದರ್ಭ ಸಿಗಲ್ಲ ಅಂತ ನಾನು ಹೆಂಡತಿಯನ್ನು ಬಲವಂತ ಮಾಡಿ ಕರಕೊಂಡು ಬಂದೆ.

ಫೋನಿನಲ್ಲಿ ಅಜ್ಜಿ ಬಂದಳು. ಅದೇ ಜಗಲಿ, ಅದೇ ಬಿಳೀ ತಲೆ. ಬೈತಾಳೇನೋ ಅಂದುಕೊಂಡರೆ ನಗ್ತಾ ಇದ್ದಾಳೆ. ಅವಳು ಹೇಳಿದ್ದನ್ನು ಮೇಡಂ ಕನ್ನಡಕ್ಕೆ ಇಳಿಸಿದರು: “ಹೂ ತೆಗೀಬೇಡಿ ಅಂತಿದ್ದಾರೆ. ಹೋದ ಮೇಲೆ ತಂದರೆ ನೋಡೋಕೆ ನಾನಿರಲ್ಲ, ಈಗಲೇ ಹಾಕಿದ್ದು ಒಳ್ಳೇದಾಯ್ತು ಅಂತ.”

ನನ್ನ ಹೆಂಡತಿ ಫೋನಿಗೆ ಮುಖ ಹತ್ತಿರ ಮಾಡಿ, “ಊಟ ಆಯ್ತಾ ಕಣವ್ವ?” ಅಂದಳು. ಅಲ್ಲಿ ಆಗಿನ್ನೂ ಬೆಳಗಾಗಿತ್ತಂತೆ. ಅಜ್ಜಿ ಕಾಫಿ ಲೋಟ ಎತ್ತಿ ತೋರಿಸಿದಳು. ಹೆಂಡತಿ ಗೋಡೆ ನೋಡಿದಳು, ಫೋನು ನೋಡಿದಳು, ಮತ್ತೆ ಗೋಡೆ ನೋಡಿದಳು.

“ಮ್ಯಾಲೂ ಅವ್ಳೆ, ಕೆಳಗೂ ಅವ್ಳೆ,” ಅಂದಳು ಮೆಲ್ಲಗೆ.

“ಈಗೇನಂತೀಯಮ್ಮಿ?” ಅಂದೆ.

“ನಾಳೆ ಒಳ್ಳೇ ಸೀರೆ ಉಟ್ಕಂಡು ಬತ್ತೀನಿ. ಆದ್ರೆ ನನ್ನ ಹಾರ ಅವ್ಳದಕ್ಕಿಂತ ದಪ್ಪ ಇರ್ಬೇಕು.”

ಅತ್ತವರು

ಮೇಡಮ್ಮೇ ಫೋಟೋ ತೆಗೆದರು. ಕಟ್ಟು ಹಾಕಿಸಿ ನಮ್ಮಪ್ಪನ ಪಕ್ಕ ಮೊಳೆ ಹೊಡೆದೆ. ಅವಳು ದಿನಾ ಬೆಳಿಗ್ಗೆ ಅದಕ್ಕೆ ಹೊಸ ಹಾರ ಹಾಕಿ, ಹಿತ್ತಲಿಗೆ ಹೋಗಿ ಕೆಲಸ ನೋಡಿಕೊಳ್ಳೋಳು.

ಒಂದು ದಿನ ಮ್ಯೂಸಿಯಮ್ಮಿಗೆ ಫೋನು ಬಂತು. ಪಕ್ಕದ ಮನೆಯವನು ಅಳ್ತಾ, “ಬ್ಯಾಗ ಬಾರಣ್ಣ, ಅತ್ತಿಗೆ ಓಗ್ಬುಟ್ಳು,” ಅಂದ.

ಮುಂದೆ ಏನಾಯ್ತೋ ಸರಿಯಾಗಿ ನೆನಪಿಲ್ಲ. ಮೇಡಂ ಸ್ಕೂಟರಿನ ಹಿಂದೆ ಕೂತಿದ್ದೆ. ಬೇಡ ಬೇಡ ಅಂದವಳನ್ನು ಗೋಡೆಗೇರಿಸಿದವನು ನಾನೇ, ಆ ಮೊಳೆ ಹೊಡೆದ ಕೈ ಇದೇ, ಅನ್ನೋದು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ.

ಮನೆ ಮುಂದೆ ಜನ. ಜನರ ನಡುವೆ ನನ್ನ ಹೆಂಡತಿ, ಕೈಲಿ ಕಾಫಿ ತಟ್ಟೆ. ಯಾರೋ ಬಾಗಿಲಿಂದ ಇಣುಕಿ ಹೊಸ ಫೋಟೋ, ಹಾರ ನೋಡಿ ಕೂಗೆಬ್ಬಿಸಿದ್ದರು. ಅವಳು ಹಿತ್ತಲಿಂದ ಸೊಪ್ಪು ಕಿತ್ತುಕೊಂಡು ಬರುವಷ್ಟರಲ್ಲಿ ಬೀದಿಯೇ ಸೇರಿತ್ತು. ಫೋನು ಬಂದಿದ್ದೇ ಆಟೋ ಹತ್ತಿ ಪಕ್ಕದ ಊರಿಂದ ಬಂದಿದ್ದ ಅವಳ ಸೋದರತ್ತೆ ಇನ್ನೂ ಅಳು ನಿಲ್ಲಿಸಿರಲಿಲ್ಲ.

“ನಾನಿವ್ನಿ ಕಣತ್ತೆ,” ಅಂತ ಇವಳು.

“ಅಷ್ಟು ದೂರದಿಂದ ಬಂದಿವ್ನಿ, ಅತ್ತು ಮುಗಿಸ್ಕಂಡೇ ಓಯ್ತೀನಿ ಸುಮ್ಕಿರು,” ಅಂತ ಅತ್ತೆ.

ನಾನು ಜನರನ್ನು ಸರಿಸಿಕೊಂಡು ಅಂಗಳಕ್ಕೆ ನುಗ್ಗಿದೆ. ಹೆಂಡತಿ ಬಂದು ನನ್ನ ಮುಖ ನೋಡಿದಳು. ಆಮೇಲೆ ಮೇಡಂ ಕಡೆ ತಿರುಗಿದಳು.

“ಇವ್ನದೂ ಒಂದು ತೆಗೀರವ್ವ. ಒರೆಸ್ಕೋಳಕ್ಕೆ ಬುಡ್ಬ್ಯಾಡಿ, ಇಂಗೇ ತೆಗೀರಿ. ಊರಿಗೆಲ್ಲ ಸುಳ್ಳು ಏಳೋ ಮೂತಿ ಇವತ್ತೊಂದಿನ ನಿಜ ಏಳ್ತಾ ಅದೆ.”

ಈಗ ನಮ್ಮ ಗೋಡೆ ಮೇಲೆ ಇಬ್ಬರೂ ಇದ್ದೀವಿ, ಹಾರ ಹಾಕಿಸಿಕೊಂಡು. ಅವಳು ನಗ್ತಾ ಇದ್ದಾಳೆ, ನನ್ನ ಕಣ್ಣಲ್ಲಿ ನೀರು ಸುರೀತಾ ಇದೆ. ಮನೆಗೆ ಬಂದವರೆಲ್ಲ ಕೇಳ್ತಾರೆ, ಇದೇನು ಯಜಮಾನರೇ ಅಂತ.

ಅವಳು ಬಾಯಿ ತೆರೆಯೋದರೊಳಗೆ ನಾನೇ ಹೇಳ್ತೀನಿ: ಗುಂಡ್ಲುಪೇಟೆಯಲ್ಲಿ ಅಷ್ಟು ವರ್ಷ ಹೊತ್ತೆನಲ್ಲ, ಆ ಈರುಳ್ಳಿಯ ಘಾಟು, ಅವತ್ತು ಇಳೀತು ನೋಡಿ.