ಹಸಿರು ಸೈಕಲ್ ಕಂಡರೆ ನಿಲ್ಲಿಸಬೇಡಿ

ಮಡಿಕೇರಿಯಂಥ ಊರಲ್ಲಿ ಯಾರಾದರೂ ಸೈಕಲ್ ತುಳಿದುಕೊಂಡು ಆಫೀಸಿಗೆ ಬರುತ್ತೇನೆ ಅಂತ ಹೊರಟರೆ ದಿನಕ್ಕೊಂದು ಕತೆ ಆಗದೆ ಇರುವುದಿಲ್ಲ. ನಮ್ಮಲ್ಲಿ ರಸ್ತೆಗಳು ಎರಡೇ ಬಗೆ. ಒಂದು ಹತ್ತುವುದು, ಇನ್ನೊಂದು ಇಳಿಯುವುದು. ಆಫೀಸಿಗೆ ಹೋಗುವಾಗ ಸಿಗುವುದು ಯಾವಾಗಲೂ ಹತ್ತುವ ರಸ್ತೆಯೇ. ಈ ಕತೆಗಳೆಲ್ಲ ನನಗೆ ಗೊತ್ತಾದದ್ದು ಹೇಗೆಂದರೆ, ಸೈಕಲಿನಲ್ಲಿ ಬರುತ್ತಿದ್ದ ನಮ್ಮ ಹೆಡ್ ಕ್ಲರ್ಕ್ ಮೇಡಂ ಅವರ ಮೇಜು ನನ್ನ ಮೇಜಿನ ಪಕ್ಕದಲ್ಲೇ ಇತ್ತು.

ಸೇತುವೆಯಿಂದ ಗೇಟಿಗೆ

ಮೇಡಂ ಶನಿವಾರಸಂತೆ ಕಡೆಯವರು. ವಯಸ್ಸು ಐವತ್ತು ದಾಟಿದೆ, ಮಾತು ಕಡಿಮೆ, ಹಟ ಜಾಸ್ತಿ. ಹಳೇ ಕಡತಗಳನ್ನು ಹುಡುಕಿ ಕೊಡುವ ನಮ್ಮ ಕಚೇರಿಯಲ್ಲಿ ಅವರಿಗೆ ಸಿಗದ ಕಾಗದ ಅಂತ ಒಂದಿರಲಿಲ್ಲ. ಒಂದು ದಿನ ಅವರಿಗೆ ಕುಶಾಲನಗರಕ್ಕೆ ವರ್ಗಾವಣೆ ಆದೇಶ ಬಂತು. ಇಪ್ಪತ್ತು ದಿನದೊಳಗೆ ಹೋಗಬೇಕು. ನಾವೆಲ್ಲ ಸಮಾಧಾನ ಹೇಳಲು ಹೋದರೆ ಅವರು ಬೇರೆಯೇ ಯೋಚನೆಯಲ್ಲಿದ್ದರು.

"ಕುಶಾಲನಗರ ಚಪ್ಪಟೆ ಊರು ಕಣ್ರೀ. ಅಲ್ಲಿ ಏರೇ ಇಲ್ಲ. ಹೋಗೋದ್ರೊಳಗೆ ಇದನ್ನ ಮುಗಿಸಿಬಿಡಬೇಕು" ಅಂದರು.

ಮುಗಿಸಬೇಕಾದದ್ದು ಏನೆಂದರೆ ಇದು. ಅವರು ಕೆಲಸಕ್ಕೆ ಸೇರಿದ ಮೊದಲ ದಿನ ಸೈಕಲಿನಲ್ಲಿ ಬಂದಿದ್ದರಂತೆ. ಅರ್ಧ ದಾರಿಯಲ್ಲಿ ಇಳಿದು, ತಳ್ಳಿಕೊಂಡು, ಬೆವರು ಸುರಿಸುತ್ತಾ ತಡವಾಗಿ ಬಂದು ಮುಟ್ಟಿದಾಗ ಆಗಿನ ಸಾಹೇಬರು ಗಡಿಯಾರ ನೋಡಿ, "ನಾಳೆಯಿಂದ ಬಸ್ಸಲ್ಲಿ ಬನ್ನಿ. ಈ ಏರು ಹೆಂಗಸರಿಗೆ ಆಗೋದಲ್ಲ" ಅಂದಿದ್ದರು. ಆ ಸಾಹೇಬರು ನಿವೃತ್ತರಾಗಿ ಎಷ್ಟೋ ಕಾಲವಾಯಿತು. ಮೇಡಂ ಮಾತ್ರ ಆ ಮಾತನ್ನು ಒಂದು ಕಡತದ ಹಾಗೆ ಜೋಪಾನವಾಗಿ ಇಟ್ಟುಕೊಂಡಿದ್ದರು.

ಸೈಕಲ್ ಅದೇ ಹಳೇದು, ಗೇರಿಲ್ಲದ್ದು, ಹೊಸದಾಗಿ ಹಸಿರು ಬಣ್ಣ ಹೊಡೆಸಿದ್ದು. ನಿಯಮ ಅವರದೇ: ಊರ ಕೆಳಗಿನ ಸೇತುವೆಯಿಂದ ಐದು ತಿರುವು ಹತ್ತಿ ಕಚೇರಿಯ ಗೇಟಿನೊಳಗೆ ಬರುವವರೆಗೆ ಕಾಲು ನೆಲಕ್ಕೆ ತಾಗಬಾರದು. ತಾಗಿದರೆ ಅದು ಲೆಕ್ಕಕ್ಕಿಲ್ಲ, ಮತ್ತೆ ಸೇತುವೆಯಿಂದಲೇ ಶುರು.

ನಾನು ನಕ್ಕುಬಿಟ್ಟೆ. "ಮೇಡಂ, ಈ ಏರಲ್ಲಿ ನನ್ನ ಸ್ಕೂಟರೇ ದಿನಾ ರಾಜೀನಾಮೆ ಕೊಡ್ತೇನೆ ಅಂತದೆ."

"ಅದು ಸ್ಕೂಟರಿನ ತಪ್ಪಲ್ಲ. ಮೇಲೆ ಕೂತಿರೋರನ್ನ ನೋಡಿ ಅಂತದೆ" ಅಂದು ಮೇಡಂ ಕಡತಕ್ಕೆ ತಲೆ ಬಗ್ಗಿಸಿದರು.

ಜೀಪಿನ ಮರ್ಯಾದೆ

ಏರು ದೊಡ್ಡ ಅಡ್ಡಿ ಅಲ್ಲ ಅಂತ ಮೊದಲ ವಾರದಲ್ಲೇ ಗೊತ್ತಾಯಿತು. ಅಡ್ಡಿ ನಮ್ಮ ಜನರ ಒಳ್ಳೆಯತನ. ಕೊಡಗಿನಲ್ಲಿ ಜೀಪು ಇರುವವನು ದಾರಿಯಲ್ಲಿ ಕಷ್ಟಪಡುವವರನ್ನು ಕಂಡು ಹಾಗೇ ಹೋದರೆ ಆ ಮಾತು ಅವನಿಗಿಂತ ಮುಂಚೆ ಮನೆ ಮುಟ್ಟುತ್ತದೆ.

ಮೊದಲ ದಿನ ಎರಡನೇ ತಿರುವಿನಲ್ಲಿ ಪರಿಚಯದ ಹಿರಿಯ ಬೆಳೆಗಾರರೊಬ್ಬರ ಜೀಪು ಪಕ್ಕಕ್ಕೆ ಬಂತು.

"ಎಂತ ಮೇಡಂ, ಚೈನು ಹೋಯಿತಾ?"

"ಇಲ್ಲ ಸರ್, ತುಳೀತಿದೀನಿ."

"ಅದು ಕಾಣ್ತದೆ. ಎಂತಕ್ಕೆ?"

ಇದಕ್ಕೆ ಉತ್ತರ ಹೇಳಲು ಉಸಿರು ಬೇಕು. ಉಸಿರು ಇದ್ದದ್ದೆಲ್ಲ ಕಾಲಿಗೆ ಹೋಗಿತ್ತು. ಅಷ್ಟರಲ್ಲಿ ಮೇಡಂ ನೋಡುತ್ತಾರೆ, ಜೀಪಿನ ಮುಂದಿನ ಸೀಟಿನಲ್ಲಿ ಬೆಳೆಗಾರರ ತಾಯಿ ಕೂತಿದ್ದಾರೆ, ತೊಂಬತ್ತರ ಹತ್ತಿರದ ಅಜ್ಜಿ. ಅಂಥವರು ಎದುರಿಗೆ ಬಂದಾಗ ಸೈಕಲ್ ಮೇಲೆ ಕೂತೇ ತಲೆ ಆಡಿಸಿ ಹೋಗುವುದು ಈ ನೆಲದಲ್ಲಿ ಆಗುವ ಮಾತಲ್ಲ. ಮೇಡಂ ಇಳಿದರು, ಅಜ್ಜಿಯ ಕಾಲು ಮುಟ್ಟಿದರು. ಅಜ್ಜಿ ತಲೆ ಮೇಲೆ ಕೈಯಿಟ್ಟು, "ಹಿಡಿದ ಕೆಲಸ ಆಗಲಿ ಮಗಳೇ" ಅಂದರು.

ಹಿಂದೆ ಕೂತಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅಷ್ಟರೊಳಗೆ ಸೈಕಲನ್ನು ಎತ್ತಿ ಜೀಪಿಗೆ ಹಾಕಿ ಆಗಿತ್ತು. ಹಿಡಿದ ಕೆಲಸವನ್ನು ಆಶೀರ್ವಾದವೇ ಕೆಡಿಸಿದ್ದು ನಾನು ಕೇಳಿದ್ದು ಅದೊಂದೇ ಸಲ.

ಮೀನಿನ ವ್ಯಾನು

ಕುಟ್ಟದ ಕಡೆಯಿಂದ ಮೀನು ತರುವ ವ್ಯಾನಿನ ಡ್ರೈವರ್ ಮಲಯಾಳಿ, ಬಹಳ ಮೃದು ಮನಸ್ಸಿನವನು. ಅವನು ಮೂರನೇ ತಿರುವಿನಲ್ಲಿ ಮೇಡಂ ಅವರಿಗೆ ದಾರಿ ಬಿಡಲೆಂದು ಹಾರ್ನ್ ಮಾಡಿದ. ಮೇಡಂ ಅವನಿಗೆ ದಾರಿ ಬಿಡಲೆಂದು ಚರಂಡಿ ಬದಿಗೆ ಸರಿದರು. ಕಾಲು ತಾಗಿತು.

ತಾಗಿದ ಮೇಲೆ ನಿಯಮ ನಿಯಮವೇ. ಅವತ್ತು ಬೇಗ ಹೊರಟಿದ್ದರಿಂದ ಇನ್ನೂ ಸಮಯವಿತ್ತು. ಮೇಡಂ ಸೈಕಲನ್ನು ಕೆಳಕ್ಕೆ, ಸೇತುವೆಯ ಕಡೆಗೆ ತಿರುಗಿಸಿದರು. ಡ್ರೈವರ್ ಗಾಬರಿಯಾಗಿ ಇಳಿದು ಬಂದ.

"ಅಯ್ಯೋ ಚೇಚಿ, ಇಷ್ಟು ಹತ್ತಿ ವಾಪಸ್ ಹೋಗ್ತಾರಾ? ಕಯರಿಕ್ಕೋ, ಗಾಡಿ ಹತ್ತಿಕೊಳ್ಳಿ" ಅನ್ನುತ್ತಾ ಸೈಕಲನ್ನು ಎತ್ತಿ ಐಸ್ ಪೆಟ್ಟಿಗೆಗಳ ಮೇಲೆ ಮಲಗಿಸಿದ.

ಸೈಕಲ್ಲೇ ವ್ಯಾನು ಹತ್ತಿದ ಮೇಲೆ ಮೇಡಂ ಹತ್ತದೆ ಏನು ಮಾಡುತ್ತಾರೆ? ಅವತ್ತು ನಮ್ಮ ಸಾಹೇಬರು ಎರಡು ಸಲ ಹೊರಗೆ ಬಂದು ಮೂಗು ಏರಿಸಿ, ಯಾರ ಟಿಫಿನ್ನು ಅಂತ ಕೇಳಿ ಹೋದರು. ಮೇಡಂ ಅವರು ಮೊಟ್ಟೆಯನ್ನೂ ಮುಟ್ಟದವರು. ಅವರ ಮೇಜಿನ ಕೆಳಗೆ ಎಲ್ಲಿಂದಲೋ ಬಂದ ಒಂದು ಬೆಕ್ಕು ಸಂಜೆ ಐದೂವರೆಯವರೆಗೆ ಕೂತಿತ್ತು. ನಮ್ಮಲ್ಲಿ ಅಷ್ಟು ಹೊತ್ತು ಸೀಟು ಬಿಟ್ಟು ಏಳದೆ ಕೂತ ಸಿಬ್ಬಂದಿ ಬೇರೆ ಯಾರೂ ಇಲ್ಲ.

ಹಿಂದೆ ಬಂದ ಆರು ಕಾರುಗಳು

ಶನಿವಾರ ಬಂತೆಂದರೆ ನಮ್ಮ ಊರು ನಮ್ಮದಲ್ಲ. ಪ್ರವಾಸಿಗರ ಕಾರುಗಳು ಸೇತುವೆಯಿಂದ ಮೇಲಿನ ಸರ್ಕಲ್‌ವರೆಗೆ ಒಂದರ ಬಾಲ ಒಂದು ಹಿಡಿದು ನಿಲ್ಲುತ್ತವೆ. ಅಂಥ ಒಂದು ಕೆಲಸದ ಶನಿವಾರ ಇಡೀ ರಸ್ತೆಯಲ್ಲಿ ಚಲಿಸುತ್ತಿದ್ದದ್ದು ಹಸಿರು ಸೈಕಲ್ ಒಂದೇ. ನಾನು ಸ್ಕೂಟರಿನಲ್ಲಿ ಸಿಕ್ಕಿಕೊಂಡು ನಿಂತಿದ್ದೆ. ಮೇಡಂ ನನ್ನನ್ನು ದಾಟಿ ಹೋದರು. ತಲೆ ತಿರುಗಿಸಿ ಕೂಡ ನೋಡಲಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಒಂದೊಂದು ತುಳಿತಕ್ಕೂ ಹಲ್ಲು ಕಚ್ಚಿ, ಒಂದೇ ಸಮನೆ ಹತ್ತುತ್ತಿದ್ದರು. ನಕ್ಕದ್ದಕ್ಕೆ ನನಗೆ ನಾಚಿಕೆಯಾದದ್ದು ಆಗಲೇ.

ನಾಲ್ಕನೇ ತಿರುವಿನಲ್ಲಿ ರಸ್ತೆ ಸ್ವಲ್ಪ ಬಿಟ್ಟುಕೊಂಡಿತು. ಒಂದು ಕಾರಿನವರು ಗಾಜು ಇಳಿಸಿ, ವ್ಯೂ ಪಾಯಿಂಟಿಗೆ ದಾರಿ ಯಾವುದು ಅಂತ ಕೇಳಿದರು. ಹೇಳಬೇಕಾದದ್ದು, ನನ್ನ ಹಿಂದೆ ಬನ್ನಿ, ಸರ್ಕಲ್ ಸಿಕ್ಕಿದಾಗ ಎಡಕ್ಕೆ ತಿರುಗಿ ಅಂತ. ಉಸಿರಿದ್ದದ್ದು ಅರ್ಧಕ್ಕೆ ಮಾತ್ರ. ಮೇಡಂ "ನನ್ನ ಹಿಂದೆ ಬನ್ನಿ" ಅಂದರು.

ಬಂದರು. ಆ ಕಾರಿನ ಹಿಂದೆ ಅವರ ಸ್ನೇಹಿತರ ಐದು ಕಾರುಗಳೂ ಬಂದವು.

ಐದನೇ ತಿರುವೂ ಮುಗಿದು ಗೇಟು ಹತ್ತು ಮಾರು ದೂರದಲ್ಲಿದೆ. ಕಾಲು ಇನ್ನೂ ತಾಗಿಲ್ಲ. ನಮ್ಮ ವಾಚ್‌ಮನ್ ಮೇಲಿನಿಂದ ನೋಡಿದ. ಆರು ಕಾರು ಸಾಲಾಗಿ ಒಳಗೆ ನುಗ್ಗುವ ಅಂದಾಜಿನಲ್ಲಿ ಬರುತ್ತಿವೆ. ಪ್ರವಾಸಿಗರ ಗಾಡಿ ಒಳಗೆ ಬಿಡಬಾರದು ಅಂತ ಸಾಹೇಬರ ಕಟ್ಟಪ್ಪಣೆ ಇತ್ತು. ಅವನು ಹದಿನೈದು ವರ್ಷದ ಸರ್ವಿಸಿನಲ್ಲಿ ಮೊದಲ ಬಾರಿಗೆ ಓಡಿ ಬಂದು, ಸರಿಯಾಗಿ ಮೇಡಂ ಅವರ ಮುಂದಿನ ಚಕ್ರದೆದುರು ಗೇಟು ಹಾಕಿದ.

ಮೇಡಂ ಕಾಲು ಊರಿದರು. ಅಷ್ಟರಲ್ಲಿ ಕಾರುಗಳ ಸಂದಿಯಿಂದ ಸ್ಕೂಟರ್ ನುಗ್ಗಿಸಿಕೊಂಡು ಬಂದಿದ್ದ ನನಗೆ ಅವರ ಕಣ್ಣು ತುಂಬಿದ್ದು ದೂರದಿಂದಲೇ ಕಂಡಿತು.

ವಾಚ್‌ಮನ್ ಕಂಬಿಗಳ ನಡುವಿನಿಂದ ಅವರನ್ನೂ ಹಿಂದಿನ ಕಾರುಗಳನ್ನೂ ನೋಡಿ ಕೇಳಿದ, "ನೀವೂ ಇವರ ಜೊತೆನಾ ಮೇಡಂ?"

ನನ್ನ ಪ್ರಚಾರ

ಉಳಿದದ್ದು ನಾಲ್ಕೇ ದಿನ. ಮೇಡಂ ಆ ವಿಷಯ ಎತ್ತುವುದನ್ನೇ ಬಿಟ್ಟರು. ಅದು ನನಗೆ ತಡೆಯಲಾಗಲಿಲ್ಲ. ಅವರಿಗೆ ಹೇಳದೆ ಸ್ಕೂಟರ್ ಹತ್ತಿ ಹೊರಟೆ. ಜೀಪ್ ಸ್ಟ್ಯಾಂಡ್, ಪಿಕಪ್ ಸ್ಟ್ಯಾಂಡ್, ಮೀನಿನ ಅಂಗಡಿ, ಬಸ್ಸಿನವರು, ಹಾಲಿನವರು, ಒಬ್ಬರನ್ನೂ ಬಿಡಲಿಲ್ಲ. ವಾಟ್ಸಾಪಿನಲ್ಲಿ ನನ್ನ ಸ್ವಂತ ಧ್ವನಿಯಲ್ಲಿ ಸಂದೇಶವನ್ನೂ ಕಳಿಸಿದೆ.

"ಹಸಿರು ಸೈಕಲ್ ಕಂಡರೆ ನಿಲ್ಲಿಸಬೇಡಿ. ಎಷ್ಟು ಏದುಸಿರು ಬಿಟ್ಟರೂ ನಿಲ್ಲಿಸಬೇಡಿ. ಕೈ ಮುಗಿದು ಕೇಳಿಕೊಂಡರೂ ನಿಲ್ಲಿಸಬೇಡಿ. ಅದೊಂದು ಶಪಥ."

ಒಪ್ಪಿಸುವುದು ಸುಲಭವಾಗಲಿಲ್ಲ. ಜೀಪಿನ ಬೆಳೆಗಾರರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು.

"ಅದೆಲ್ಲ ಸರಿ ಮಾರಾಯ. ಹೆಂಗಸು ಕಷ್ಟಪಡ್ತಿರುವಾಗ ನಾನು ಹಾಗೇ ಹೋದರೆ ನೋಡಿದವರು ಎಂತ ತಿಳ್ಕೊಳ್ತಾರೆ?"

"ನೋಡುವವರಿಗೂ ಹೇಳಿದ್ದೇನೆ ಸರ್."

"ನನ್ನ ಅಮ್ಮನಿಗೆ?"

ಅಜ್ಜಿಗೆ ಹೇಳಲು ನಾನೇ ಅವರ ಮನೆಗೆ ಹೋಗಬೇಕಾಯಿತು. ಅಜ್ಜಿ ಎಲ್ಲ ಕೇಳಿಸಿಕೊಂಡು, "ಹಾಗಾದರೆ ನಾನು ಅವತ್ತು ಕಣ್ಣು ಮುಚ್ಚಿ ಕೂತುಕೊಳ್ತೇನೆ. ನಾನು ನೋಡದಿದ್ದರೆ ಅವಳು ಇಳಿಯಬೇಕಾಗಿಲ್ಲ" ಅಂದರು. ಇಷ್ಟು ಸರಳ ಉಪಾಯ ಹದಿನಾರು ದಿನದಲ್ಲಿ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಕೊನೆಯ ದಿನ

ಕೊನೆಯ ದಿನ ನಾನು ಸೇತುವೆಯಿಂದಲೇ ಸ್ಕೂಟರಿನಲ್ಲಿ ಹಿಂದೆ ಹಿಂದೆ ಬಂದೆ. ಜನ ಮಾತು ಉಳಿಸಿಕೊಂಡರು, ಯಾರೂ ನಿಲ್ಲಿಸಲಿಲ್ಲ. ಆದರೆ ದಾಟಿ ಹೋಗಲು ಮನಸ್ಸೂ ಬರಲಿಲ್ಲ. ಬೆಳೆಗಾರರ ಜೀಪು ಮೊದಲ ಗೇರಿನಲ್ಲಿ, ಅದರ ಹಿಂದೆ ಮೀನಿನ ವ್ಯಾನು, ಅದರ ಹಿಂದೆ ಹಾಲಿನ ಗಾಡಿ, ಎರಡು ಬಸ್ಸು. ಯಾರೂ ಹಾರ್ನ್ ಮಾಡಲಿಲ್ಲ. ಜೀಪಿನಲ್ಲಿ ಅಜ್ಜಿ ಕಣ್ಣು ಮುಚ್ಚಿ ಕೂತಿದ್ದರು. ತಿರುವಿಗೊಮ್ಮೆ "ಎಲ್ಲಿಗೆ ಮುಟ್ಟಿದಳು?" ಅಂತ ಕೇಳುತ್ತಿದ್ದರಂತೆ.

ನಾಲ್ಕನೇ ತಿರುವಿನಲ್ಲಿ ಸೈಕಲ್ ಇನ್ನೇನು ನಿಂತೇಬಿಟ್ಟಿತು ಅನ್ನಿಸಿತು. ಹ್ಯಾಂಡಲ್ ಅತ್ತಿತ್ತ ಹೊಯ್ದಾಡಿತು. ನನ್ನ ಕಾಲು ಸ್ಕೂಟರಿನಲ್ಲಿ ಇಲ್ಲದ ಪೆಡಲನ್ನು ತುಳಿಯುತ್ತಿತ್ತು. ಮೇಡಂ ಸೀಟಿನಿಂದ ಎದ್ದು ನಿಂತು ಮೈಭಾರ ಹಾಕಿ ತುಳಿದರು. ಸೈಕಲ್ ಮತ್ತೆ ಹತ್ತಿತು.

ವಾಚ್‌ಮನ್ ಗೇಟಿನ ಎರಡೂ ಬಾಗಿಲು ತೆರೆದು, ಮರೆತೂ ಮುಚ್ಚಬಾರದೆಂದು ಹಗ್ಗದಲ್ಲಿ ಕಟ್ಟಿ, ಅಟೆನ್ಶನ್ನಿನಲ್ಲಿ ನಿಂತಿದ್ದ. ಮೇಡಂ ಒಳಗೆ ಬಂದರು. ಧ್ವಜದ ಕಂಬಕ್ಕೆ ಒಂದು ಸುತ್ತು ಹೊಡೆದರು. ಎರಡನೇ ಸುತ್ತೂ ಹೊಡೆದರು. ನಾವು ಚಪ್ಪಾಳೆ ತಟ್ಟುತ್ತಲೇ ಇದ್ದೆವು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಮುಚ್ಚಿಡುವುದೇಕೆ, ಬಂತು. ಆ ಹೆಂಗಸಿನ ಪಕ್ಕದ ಮೇಜಿನಲ್ಲಿ ಕೂತವನು ನಾನು ಅಂತ ಹೆಮ್ಮೆಯಾಯಿತು.

ಮೂರನೇ ಸುತ್ತಿನಲ್ಲಿ ಮೇಡಂ ಮೆಲ್ಲಗೆ ಹೇಳಿದರು, "ಚಪ್ಪಾಳೆ ಸಾಕು ಕಣ್ರೀ. ಯಾರಾದ್ರೂ ಹಿಡಿಯಿರಿ, ಕಾಲು ಮಾತು ಕೇಳ್ತಿಲ್ಲ, ಇಳಿಯಕ್ಕಾಗ್ತಿಲ್ಲ."

ಉಡುಗೊರೆ

ಸಂಜೆ ಬೀಳ್ಕೊಡುಗೆ ಆಯಿತು. ಹಾರ, ಹಣ್ಣು, ಜೇನಿನ ಬಾಟಲಿಗಳು ಎಲ್ಲ ಸೇರಿ ಬೆಳೆಗಾರರ ಜೀಪು ತುಂಬಿತು. ಸೈಕಲಿಗೆ ಜಾಗವಿರಲಿಲ್ಲ. ಮೇಡಂ ನನ್ನನ್ನು ಕರೆದರು.

"ನೀವು ನನಗಾಗಿ ಊರೆಲ್ಲ ಅಲೆದದ್ದು ಗೊತ್ತಾಯ್ತು. ಇದನ್ನ ನೀವೇ ಇಟ್ಟುಕೊಳ್ಳಿ. ಏರು ಇರೋ ಊರಲ್ಲೇ ಇರಲಿ."

ಸ್ಕೂಟರನ್ನು ಕಚೇರಿಯಲ್ಲೇ ಬಿಟ್ಟು ಸೈಕಲ್ ಹತ್ತಿದೆ. ನನ್ನ ಮನೆಯೂ ಸೇತುವೆಯ ಹತ್ತಿರವೇ. ಐದೂ ತಿರುವುಗಳನ್ನು ಒಂದು ಸಲವೂ ತುಳಿಯದೆ ಇಳಿದೆ. ಗಾಳಿ ತಂಪಾಗಿ ಮುಖಕ್ಕೆ ಬೀಸುತ್ತಿತ್ತು. ಇದರಲ್ಲಿ ಇಷ್ಟು ದಿನ ಕಷ್ಟಪಡುವಂಥದ್ದು ಏನಿತ್ತು ಅಂತ ಒಂದು ಕ್ಷಣ ಅನ್ನಿಸಿದ್ದೂ ಹೌದು.

ಮರುದಿನ ಬೆಳಿಗ್ಗೆ ಗೊತ್ತಾಯಿತು. ಮೊದಲ ತಿರುವಿಗೇ ನಾನು ಇಳಿದೆ. ಎರಡನೆಯದಕ್ಕೆ ಅಂಗಿ ಒದ್ದೆಯಾಯಿತು. ಸೈಕಲ್ ತಳ್ಳುತ್ತಾ, ನಮ್ಮ ಜನ ಒಳ್ಳೆಯವರು, ಈಗ ಯಾರಾದರೂ ನಿಲ್ಲಿಸುತ್ತಾರೆ ಅಂತ ಧೈರ್ಯವಾಗಿದ್ದೆ.

ಹಾಲಿನ ಗಾಡಿ ಬಂತು. ಕೈ ತೋರಿಸಿದೆ. ಅವನೂ ಸಂತೋಷದಿಂದ ಕೈ ಬೀಸಿ ಹೋದ. ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು ಹೆಬ್ಬೆರಳು ಎತ್ತಿದ. ಮೀನಿನ ವ್ಯಾನು ಬಂತು. ನಾನು ಏದುಸಿರು ಬಿಡುತ್ತಾ ರಸ್ತೆಗೇ ಅಡ್ಡ ಬಂದೆ. ಡ್ರೈವರ್ ಜಾಗರೂಕನಾಗಿ ನನ್ನನ್ನು ಬಳಸಿಕೊಂಡು ಹೋಗುತ್ತಾ ಹೇಳಿದ, "ಹಸಿರು ಸೈಕಲ್ ಅಲ್ಲವಾ ಚೇಟ್ಟಾ? ನಿಮ್ಮ ಮೆಸೇಜು ನಾನು ಮೂರು ಸಲ ಕೇಳಿದ್ದೇನೆ."

ಮೂರನೇ ತಿರುವಿನಲ್ಲಿ ಬೆಳೆಗಾರರ ಜೀಪು ಕಂಡಿತು. ಮುಂದಿನ ಸೀಟಿನಲ್ಲಿ ಅಜ್ಜಿ, ಹಿಂದೆ ಸಾಕ್ಷಾತ್ ಮೇಡಂ. ಕಡತದ ಬೀರುವಿನ ಬೀಗದ ಕೈ ಚೀಲದಲ್ಲೇ ಉಳಿದಿತ್ತಂತೆ, ಕೊಟ್ಟು ಹೋಗಲು ಬರುತ್ತಿದ್ದರು. ನಾನು ಸೈಕಲನ್ನು ಬದಿಗೆ ಒರಗಿಸಿ, ನಾಚಿಕೆ ಬಿಟ್ಟು, ಎರಡೂ ಕೈ ಜೋಡಿಸಿ ಮುಗಿದೆ.

ಜೀಪು ನಿಧಾನವಾಯಿತು. ನಿಲ್ಲಲಿಲ್ಲ. "ಕೈ ಮುಗಿದು ಕೇಳಿಕೊಂಡರೂ ಅಂತ ನೀವೇ ಹೇಳಿದ್ದಲ್ಲವಾ?" ಅಂದರು ಬೆಳೆಗಾರರು. ಅಜ್ಜಿ ನನ್ನನ್ನು ಕಂಡ ಕೂಡಲೇ ಕಣ್ಣು ಮುಚ್ಚಿಕೊಂಡರು.

ಮೇಡಂ ಮಾತ್ರ ತಲೆ ಹೊರಗೆ ಹಾಕಿ ನನ್ನ ಮುಖ ನೋಡಿದರು, ಸೈಕಲ್ ನೋಡಿದರು, ಆಮೇಲೆ ನನ್ನ ಎರಡೂ ಪಾದಗಳನ್ನು ನೋಡಿದರು.

"ಕಾಲು ನೆಲಕ್ಕೆ ತಾಗಿದೆ ಕಣ್ರೀ" ಅಂದರು. "ಸೇತುವೆಯಿಂದ ಶುರು ಮಾಡಿ."